ಚಲುವರಾಜು ಕೊಟ್ಟ ಒಂಬತ್ತು

ಚಲುವರಾಜುವಿನ ಕೈ ಧಾರಾಳ, ಅಂಕ ಕೊಡುವುದರಲ್ಲಿ ಮಾತ್ರ ಕಡು ಜಿಪುಣ. ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷ ಮೀಟರು ಓದಿ ನಿವೃತ್ತನಾದ ಆಸಾಮಿ. ಮುಳ್ಳು ತೋರಿಸಿದ್ದಕ್ಕಿಂತ ಒಂದು ಗೆರೆ ಹೆಚ್ಚು ಹೇಳು ಅಂದರೆ ಪ್ರಾಣ ಹೋದರೂ ಹೇಳುವವನಲ್ಲ.

ಅವನಿಗೆ ಹ್ಯಾಮ್ ರೇಡಿಯೊ ಹುಚ್ಚು. ಲೈಸೆನ್ಸ್ ಪಡೆದು ಮನೆಯಿಂದಲೇ ರೇಡಿಯೊದಲ್ಲಿ ಒಬ್ಬರೊಡನೊಬ್ಬರು ಮಾತಾಡುವ ಇಂಥವರಲ್ಲಿ ಒಂದು ಪದ್ಧತಿ ಇದೆ. ಎದುರಿನವನ ಮಾತು ಹೇಗೆ ಕೇಳುತ್ತಿದೆ ಎಂದು ಎರಡು ಅಂಕದಲ್ಲಿ ಹೇಳಬೇಕು. ಮೊದಲನೆಯದು ಮಾತು ಎಷ್ಟು ಸ್ಪಷ್ಟ ಎಂದು, ಐದಕ್ಕೆ. ಎರಡನೆಯದು ಸಿಗ್ನಲ್ಲಿಗೆ ಎಷ್ಟು ಬಲ ಎಂದು, ಒಂಬತ್ತಕ್ಕೆ; ಅದನ್ನು ರೇಡಿಯೊದ ಮೀಟರಿನ ಮುಳ್ಳು ತೋರಿಸುತ್ತದೆ. ಬಹಳ ಮಂದಿ ಕೇಳಲಿ ಬಿಡಲಿ 'ಐದು-ಒಂಬತ್ತು' ಅಂದುಬಿಡುತ್ತಾರೆ, ಮದುವೆ ಮನೆಯಲ್ಲಿ ಊಟ ಚೆನ್ನಾಗಿತ್ತು ಅಂದ ಹಾಗೆ. ಹೊಳಲಿನ ಅಪ್ಪಾಜಿ ಐಟಿಐನಲ್ಲಿ ಚಲುವರಾಜುವಿನ ಬೆಂಚಿನಲ್ಲೇ ಕೂತವನು, ಲೈಸೆನ್ಸ್ ಪರೀಕ್ಷೆಯನ್ನೂ ಜೊತೆಗೇ ಬರೆದವನು. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಏಳಕ್ಕೆ ಇಬ್ಬರದೂ ಮಾತು. ಅವನಿಗೂ 'ಐದು-ಆರು' ದಾಟಿ ಸಿಕ್ಕಿರಲಿಲ್ಲ.

"ಸಾಯೋದ್ರೊಳ್ಗೆ ಒಂದಿನ ನಂಗೆ ಒಂಬತ್ತು ಕೊಡ್ಲಾ," ಎಂದು ಅಪ್ಪಾಜಿ ನಗುತ್ತಿದ್ದ.

"ಮುಳ್ಳು ಬಂದ್ರೆ ಕೊಡ್ತೀನಿ. ಪುಕ್ಕಟೆ ಒಂಬತ್ತು ನನ್ತಾವ ಇಲ್ಲ ಕಣ್ಲಾ."

ಬ್ಲಫ್ ತಗ್ಗಿನ ಜಾಗ, ಬೆಳಕವಾಡಿ ಕಡೆಗೆ ದಿಬ್ಬ, ಹೊಳಲಿನ ಸಿಗ್ನಲ್ಲಿಗೆ ಅದೇ ಅಡ್ಡ. ನೆಟ್ಟಗೆ ನಿಲ್ಲುವ ಕಡ್ಡಿ ಆಂಟೆನಾ ಎಂಟು ದಿಕ್ಕಿಗೂ ಕಿವಿ ಕೊಡುತ್ತದೆ, ಹಾಗಾಗಿ ಯಾವ ದಿಕ್ಕೂ ಅದಕ್ಕೆ ಸರಿಯಾಗಿ ಕೇಳುವುದಿಲ್ಲ. ಹಾಗೆಂದೇ ಚಲುವರಾಜು ಮೊದಲಿನಿಂದಲೂ ಯಾಗಿ ಆಂಟೆನಾ ನಂಬಿದವನು. ಹಳೆಯ ಟೀವಿ ಆಂಟೆನಾದ ಹಾಗೆ ಉದ್ದ ಕೋಲಿಗೆ ಅಡ್ಡಡ್ಡ ಕಡ್ಡಿ ಕೂರಿಸಿದ್ದು. ಮುಖ ಮಾಡಿದ ಕಡೆಗಷ್ಟೇ ಅದರ ಗಮನ. ಅವನದು ಮೂರು ಕಡ್ಡಿಯದು, ವಾಯವ್ಯಕ್ಕೆ, ಹೊಳಲಿನ ಕಡೆಗೆ ತಿರುಗಿ ನಿಂತಿತ್ತು. ಅಪ್ಪಾಜಿಯ ಮಾಳಿಗೆಯಲ್ಲೂ ಅಂಥದೇ ಒಂದು ಬ್ಲಫ್ ಕಡೆಗೆ ನೋಡುತ್ತಿತ್ತು.

ಹೋದ ದೀಪಾವಳಿ ಕಳೆದ ಮೇಲೆ ಅಪ್ಪಾಜಿಯ ಮಾತು ಇಳಿಯತೊಡಗಿತು. 'ನಾಲ್ಕು-ನಾಲ್ಕು' ಆಯಿತು. 'ಮೂರು-ಮೂರು' ಆಯಿತು.

"ಗಾಳೀಗೆ ಆಂಟೆನಾ ತಿರೀಕಬುಟ್ಟೈತೆ ಕಣ್ಲಾ. ನಾಳೆ ಅತ್ತಿ ಸರಿ ಮಾಡ್ತೀನಿ."

ಆ ನಾಳೆ ಬರಲೇ ಇಲ್ಲ. ದಿನಕ್ಕೆರಡು ಸಲ ಮಾಳಿಗೆ ಹತ್ತುತ್ತಿದ್ದವನು ಈಗೇಕೆ ಹತ್ತುತ್ತಿಲ್ಲ ಎಂದು ಕೇಳಬೇಕಿತ್ತು. ಚಲುವರಾಜು ಕೇಳಲಿಲ್ಲ. ರೇಡಿಯೊದವನಿಗೆ ದನಿ ಸಣ್ಣಗಾದರೆ ಮೊದಲು ಆಂಟೆನಾ ಮೇಲೆ ಅನುಮಾನ, ಮನುಷ್ಯನ ಮೇಲೆ ಕಟ್ಟಕಡೆಗೆ. ಫೋನು ಮಾಡಬಹುದಿತ್ತಲ್ಲ ಅನ್ನಬೇಡಿ, ಫೋನಿನಲ್ಲಿ ಮಾತಾಡುವುದು ಇಬ್ಬರಿಗೂ ಸೋತಷ್ಟು ಅವಮಾನ.

ಅವನು ತಿರುಗಿಸದಿದ್ದರೆ ಬೇಡ, ನಾನೇ ದೊಡ್ಡದು ಕಟ್ಟುತ್ತೇನೆ ಎಂದು ಹೊರಟ ಚಲುವರಾಜು. ಮಳವಳ್ಳಿಯ ಗುಜರಿ ಅಂಗಡಿಯಿಂದ ಕರ್ಟನ್ ಪೈಪು ತಂದ. ಒಂಬತ್ತು ಕಡ್ಡಿಯ ಯಾಗಿ. ಕಡ್ಡಿ ಹೆಚ್ಚಿದಷ್ಟೂ ದೂರದ್ದು ಕೇಳುತ್ತದೆ, ಆದರೆ ಗುರಿ ಸ್ವಲ್ಪ ತಪ್ಪಿದರೂ ಏನೂ ಕೇಳದು. ಅಳೆದ, ಕೊಯ್ದ, ತಪ್ಪಾಯಿತೆಂದು ಮತ್ತೆ ಕೊಯ್ದ. ಆರು ವಾರ ಹಿಡಿಯಿತು.

ಏರಿಸಿದ ಮರುದಿನ ಬೆಳಿಗ್ಗೆ ಏಳಕ್ಕೆ ಮುಳ್ಳು ಎದ್ದು ಸೀದಾ ಒಂಬತ್ತಕ್ಕೆ ಹೋಗಿ ನಿಂತಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ! ಚಲುವರಾಜು ಕುರ್ಚಿಯಿಂದ ಎದ್ದೇಬಿಟ್ಟ. ಆದರೆ ಸ್ಪೀಕರಿನಿಂದ ಬಂದದ್ದು ಬರೀ ಉಸಿರು, ನಡುವೆ ಹರಿದ ಒಂದೆರಡು ಅಕ್ಷರ.

"ಒಂದು..." ಎಂದು ಅಭ್ಯಾಸಬಲದಿಂದ ಮಾತಿನ ಅಂಕ ಶುರು ಮಾಡಿ ಅಲ್ಲೇ ನಿಂತ. ಸಿಗ್ನಲ್ಲು ತುಂಬಿ ತುಳುಕುತ್ತಿದೆ, ಮಾತು ಮಾತ್ರ ಇಲ್ಲ. ಇನ್ನು ಆಂಟೆನಾವನ್ನು ದೂರುವ ಹಾಗಿರಲಿಲ್ಲ.

ಆ ಕಡೆ ಮೈಕು ಕೈ ಬದಲಾಯಿತು. ಅಪ್ಪಾಜಿಯ ಹೆಂಡತಿ ದೊಡ್ಡತಾಯಮ್ಮ. "ಅಣ್ಣ, ಗಂಟ್ಲಲ್ಲಿ ಗೆಡ್ಡೆ ಕಣಣ್ಣ. ನಿಮ್ಗೆ ತಿಳಿಸ್ಬ್ಯಾಡ ಅಂತ ಆಣೆ ಆಕಿದ್ರು. ಡಾಕ್ಟ್ರು ಕೈಬುಟ್ರು."

ಬ್ಲಫ್‌ನಿಂದ ಹೊಳಲಿಗೆ ಎಷ್ಟು ದೂರ? ಮಳವಳ್ಳಿಯಲ್ಲಿ ಒಂದು, ಮಂಡ್ಯದಲ್ಲಿ ಒಂದು, ಎರಡು ಕಡೆ ಬಸ್ಸು ಬದಲಾಯಿಸಿದರೆ ಮಧ್ಯಾಹ್ನಕ್ಕೆ ಅಪ್ಪಾಜಿಯ ಬಾಗಿಲು. ಬಸ್ಸು ಹತ್ತಬೇಕಾದವನು ಆರು ವಾರ ಕಂಬ ಹತ್ತಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ಹೋದವನು ಮೊದಲು ಹತ್ತಿದ್ದು ಮಾಳಿಗೆಯನ್ನೇ. ಗೆಳೆಯನ ಮುಖ ನೋಡುವ ಧೈರ್ಯ ಬರಬೇಕಿತ್ತಲ್ಲ. ಆಂಟೆನಾ ಮದ್ದೂರಿನ ಕಡೆಗೆ ತಿರುಗಿ ನಿಂತಿತ್ತು. ಬೋಲ್ಟು ಸಡಿಲಿಸಿ, ಬ್ಲಫ್ ಕಡೆಗೆ ತಿರುಗಿಸಿ, ಬಿಗಿ ಮಾಡಿದ. ಎರಡು ನಿಮಿಷದ ಕೆಲಸ. ಅಲ್ಲೇ ಕೂತು ಅತ್ತ.

ಕೆಳಗೆ ಮಂಚದ ಮೇಲೆ ಅರ್ಧ ಅಪ್ಪಾಜಿ ಇದ್ದ. ಕುತ್ತಿಗೆಗೆ ಬಿಳಿ ಬಟ್ಟೆ, ದಿಂಬಿನ ಪಕ್ಕ ರೇಡಿಯೊ. ಮೇಲಿನ ಸದ್ದು ಕೇಳಿಸಿಕೊಂಡಿದ್ದನೇನೋ, ಹುಬ್ಬು ಹಾರಿಸಿ ತುಟಿ ಅಲ್ಲಾಡಿಸಿದ. ಚಲುವರಾಜು ಅವನ ಬಾಯಿಗೇ ಕಿವಿ ಹಚ್ಚಿದ. ಬರೀ ಗಾಳಿ. ತಲೆಯೆತ್ತಿ ತುಟಿ ನೋಡಿದ ಮೇಲೆ ತಿಳಿಯಿತು.

"ಈಗ ಎಂಗೈತ್ಲಾ?"

"ಐದು-ಒಂಬತ್ತು ಕಣ್ಲಾ," ಅಂದ ಚಲುವರಾಜು.

ಹದಿನೆಂಟು ವರ್ಷ ಬೇಡಿದ್ದ ಅಂಕ. ಅಪ್ಪಾಜಿ ನಗಲಿಲ್ಲ. ಗೆಳೆಯನ ಮುಖವನ್ನೇ ನೋಡಿದ. ಚಲುವರಾಜು ಪುಕ್ಕಟೆ ಒಂಬತ್ತು ಕೊಟ್ಟನೆಂದರೆ ಏನರ್ಥ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ನಿಧಾನವಾಗಿ ಕೈ ನೀಡಿ ರೇಡಿಯೊದ ಸ್ವಿಚ್ಚು ಆರಿಸಿದ. ತುಟಿ ಇನ್ನೊಂದು ಸಲ ಅಲ್ಲಾಡಿತು.

"ಅಂಗಾದ್ರೆ ಮುಗೀತು ಬುಡ್ಲಾ."