ಟೈರು ತಿಂದವಳು ನಾನಲ್ಲ

ನಮ್ಮ ಕಾರಿನ ನಾಲ್ಕೂ ಟೈರು ಸವೆಯಲು ನಾನೇ ಕಾರಣ ಎಂದು ಮನೆಯಲ್ಲಿ ತೀರ್ಮಾನವಾದದ್ದು ಮೇ ತಿಂಗಳ ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿನಲ್ಲಿ. ನಾನು ಒಲೆಯ ಮುಂದೆ ಅಕ್ಕಿರೊಟ್ಟಿ ಸುಡುತ್ತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ಮಾವ ಕೈ ತೊಳೆದು ಅಂಗಳಕ್ಕೆ ಹೋಗಿ, ಊರುಗೋಲಿನ ತುದಿಯಿಂದ ಒಂದೊಂದು ಚಕ್ರವನ್ನೂ ತಿವಿದು ನೋಡಿ ಒಳಗೆ ಬಂದರು. ಹೆಂಗಸರು ತಿರುವಿನಲ್ಲಿ ಸ್ಟೀರಿಂಗ್ ಎಳೆದಾಡುತ್ತಾರೆ, ಅದಕ್ಕೇ ಟೈರು ಅಂಚು ತಿಂದಿದೆ ಎಂದರು. ಮಳೆ ಹಿಡಿಯುವ ಮೊದಲು ಹೊಸ ಟೈರು ಹಾಕಿಸೋಣ, ಆಷಾಢ ಕಳೆದ ಕೂಡಲೇ ಒಬ್ಬ ಡ್ರೈವರ್ ಬರುತ್ತಾನೆ, ಮಾತಾಡಿದ್ದಾಗಿದೆ ಎಂದೂ ಹೇಳಿದರು. ನನ್ನ ಗಂಡ ರೊಟ್ಟಿಗೆ ಚಟ್ನಿ ಸವರಿಕೊಳ್ಳುತ್ತಾ ತಲೆಯಾಡಿಸಿದರು. ಅದು ಹೌದೆಂದೋ ಅಲ್ಲವೆಂದೋ, ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಾಗುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. ವನಗೂರಿನ ಕಡೆ ಇರುವ ನಮ್ಮ ತೋಟದಿಂದ ಹೊರಗೆ ಕಾಲಿಡಬೇಕಾದರೆ ಇನ್ನೊಬ್ಬರ ದಾರಿ ಕಾಯಬೇಕಿದ್ದ ಕಾಲವನ್ನು ನಾನು ಕಂಡಿದ್ದೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಕುಂದೂರಿನ ತವರಿಗೆ ಹೋಗಬೇಕೆಂದರೆ ಮೊದಲು ಜೀಪು ಬಿಡುವಾಗಬೇಕಿತ್ತು. ಜೀಪು ಬಿಡುವಾದರೆ ಓಡಿಸುವವರು ಸಿಗಬೇಕಿತ್ತು. ಬೆಳಿಗ್ಗೆ ಸೀರೆ ಉಟ್ಟು ಜಗುಲಿಯಲ್ಲಿ ಕೂತು, ಸಂಜೆ ಅದೇ ಸೀರೆಯನ್ನು ಬಿಚ್ಚಿ ಮಡಿಸಿಟ್ಟ ದಿನಗಳಿವೆ. ಆಮೇಲೆ ಹಟ ಹಿಡಿದು, ಕಾಫಿ ಒಣಗಿಸುವ ಕಣ ಖಾಲಿ ಇರುವ ತಿಂಗಳಲ್ಲಿ ಅಲ್ಲೇ ಸುತ್ತು ಹೊಡೆದು ಗಾಡಿ ಕಲಿತೆ. ಮಾವನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಅವರು ಸ್ಟೀರಿಂಗ್ ಮುಟ್ಟಿಲ್ಲ. ನನ್ನ ಗಂಡನಿಗೆ ಘಾಟಿಯಲ್ಲಿ ಎದುರಿಗೆ ಲಾರಿ ಕಂಡರೆ ಅಂಗೈ ಬೆವರುತ್ತದೆ. ಆಸ್ಪತ್ರೆ, ಮದುವೆ, ಬ್ಯಾಂಕು, ಮಕ್ಕಳ ಹಾಸ್ಟೆಲ್ಲು, ಎಲ್ಲಕ್ಕೂ ಓಡಿಸುವವಳು ನಾನೇ. ಡ್ರೈವರ್ ಬಂದರೆ ಕಾರಿನ ಕೀ ಅವನ ಜೇಬಿಗೆ ಹೋಗುತ್ತದೆ, ನಾನು ಮತ್ತೆ ಜಗುಲಿಗೆ.

ಟೈರು ಆರಿಸುವುದು ನಾನೇ ಎಂದೆ. ಮಾವ ಹುಬ್ಬೇರಿಸಿದರು. ಅವರ ಲೆಕ್ಕದಲ್ಲಿ ಆರಿಸುವುದಕ್ಕೆ ಏನೂ ಇರಲಿಲ್ಲ. ಜೀಪಿಗೆ ಹಾಕುವಂಥ, ಮೈತುಂಬ ದಪ್ಪ ಗುಬುಟು ಎದ್ದ ಬಟನ್ ಟೈರೇ ಆಗಬೇಕು, ಗೇಟಿನಿಂದ ಡಾಂಬರು ರಸ್ತೆಗೆ ಹತ್ತುವ ನಮ್ಮ ಮಣ್ಣಿನ ಏರಿಗೆ ಬೇರೆ ಯಾವುದೂ ನಿಲ್ಲುವುದಿಲ್ಲ. ಅವರ ಕಾಲದಲ್ಲಿ ಮಳೆಗಾಲಕ್ಕೆ ಜೀಪಿನ ಚಕ್ರಕ್ಕೆ ಕಬ್ಬಿಣದ ಸರಪಳಿ ಬಿಗಿಯುತ್ತಿದ್ದರಂತೆ. ಈ ಕಾರಿಗೆ ಸರಪಳಿ ಬಿಗಿಯಿರಿ ಎನ್ನಲಿಲ್ಲವಲ್ಲ, ಅದೇ ಪುಣ್ಯ.

ಸಕಲೇಶಪುರದ ಟೈರ್ ಅಂಗಡಿಗೆ ನಾನೂ ನನ್ನ ಗಂಡನೂ ಹೋದೆವು. ಸ್ಟೀರಿಂಗ್ ಹಿಂದಿನಿಂದ ಇಳಿದವಳು ನಾನು, ಆದರೂ ಅಂಗಡಿಯವನು ಯಾವ ಟೈರು ಬೇಕೆಂದು ಕೇಳಿದ್ದು ಅವರನ್ನು. ಅವರು ನನ್ನ ಕಡೆ ಕೈ ತೋರಿಸಿದರು. ಆಗ ಅಂಗಡಿಯವನ ಮುಖದಲ್ಲಿ ಒಂದು ನಗೆ ಬಂತು. ಮೇಡಂ ಓಡಿಸುವುದಾದರೆ ಹೈವೇ ಟೈರು ಸಾಕು, ಮೆತ್ತಗೆ ಹೋಗುತ್ತದೆ, ಸದ್ದಿಲ್ಲ ಎಂದು ನುಣ್ಣನೆಯ ಒಂದನ್ನು ಉರುಳಿಸಿಕೊಂಡು ಬಂದ. ಮನೆಯಲ್ಲಿ ಒಬ್ಬರಿಗೆ ನಮ್ಮ ಏರು ಮಾತ್ರ ಕಾಣುತ್ತದೆ, ಇಲ್ಲಿ ಇವನಿಗೆ ಪೇಟೆಯ ರಸ್ತೆ ಮಾತ್ರ. ನನಗೆ ಎರಡೂ ಬೇಕು. ಮನೆಯ ಗೇಟಿನಿಂದ ಕೆಸರಿನ ಏರು ಹತ್ತಬೇಕು, ಹತ್ತಿದ ಅದೇ ಚಕ್ರದಲ್ಲಿ ಘಾಟಿಯ ನೆನೆದ ಕಾಂಕ್ರೀಟಿನ ಮೇಲೆ ಬ್ರೇಕ್ ಹಿಡಿಯಬೇಕು. ಬಟನ್ ಟೈರು ಕೆಸರನ್ನು ಕಚ್ಚುತ್ತದೆ, ಆದರೆ ಒದ್ದೆ ಕಾಂಕ್ರೀಟಿನ ಮೇಲೆ ಜಾರುತ್ತದೆ. ಹೈವೇ ಟೈರು ಅದಕ್ಕೆ ತಿರುಗುಮುರುಗು. ಇವೆರಡರ ನಡುವಿನದು, ಅಂಚಿನಲ್ಲಿ ಗುಬುಟು ಇದ್ದು ನಡುವೆ ಒತ್ತಾಗಿ ಕಟ್ಟಿದ್ದು ಒಂದು ಇರುತ್ತದೆ, ಅದನ್ನು ತೋರಿಸಿ ಎಂದೆ. ಒಳಗಿನಿಂದ ತಂದ. ಪಕ್ಕದಲ್ಲಿ ಒತ್ತಿದ್ದ ತಯಾರಿಕೆಯ ವಾರ ಮತ್ತು ವರ್ಷವನ್ನು ಬಗ್ಗಿ ಓದಿದೆ. ಅದು ಹಳೇ ಮಾಲು. ಬೇಡ ಎಂದೆ. ಅವನ ನಗೆ ಹೋಯಿತು, ಇನ್ನೊಂದು ವಾರದಲ್ಲಿ ಹೊಸದನ್ನು ತರಿಸಿಕೊಟ್ಟ.

ಆ ಹೊಸದನ್ನು ಹಾಕಿದ ದಿನವೇ ನಿಜ ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು. ಬಿಚ್ಚಿದ ನಾಲ್ಕೂ ಟೈರನ್ನು ಅಂಗಡಿಯ ಮುಂದೆ ಗೋಡೆಗೆ ಒರಗಿಸಿದ್ದರು. ಅಲೈನ್‌ಮೆಂಟ್ ಕೆಟ್ಟಿರಬೇಕು ಎಂದು ಅಂಗಡಿಯವನು ಹೇಳುತ್ತಿದ್ದ. ನಾನು ಬೆರಳಾಡಿಸಿ ನೋಡಿದೆ. ಒಳಅಂಚೂ ಹೊರಅಂಚೂ ನುಣ್ಣಗೆ ತಿಂದುಹೋಗಿದ್ದವು, ನಡುವಿನ ಗೆರೆಗಳು ಮಾತ್ರ ಇನ್ನೂ ಆಳವಾಗಿದ್ದವು. ತಿರುವಿನಲ್ಲಿ ನಾನು ಎಳೆದಾಡಿದ್ದರೆ ಮುಂದಿನ ಎರಡು ತಿನ್ನಬೇಕಿತ್ತು, ಹಿಂದಿನವು ಯಾಕೆ ಹೀಗಾಗಬೇಕು? ನಾಲ್ಕೂ ಒಂದೇ ತರ, ಎರಡೂ ಅಂಚು. ಗಾಳಿ ಕಡಿಮೆಯಿದ್ದಾಗ ಟೈರಿನ ನಡು ಮೇಲಕ್ಕೆ ಕುಗ್ಗಿ ಅಂಚುಗಳೇ ಭಾರ ಹೊರುತ್ತವೆ. ಆ ಗಾಳಿಯನ್ನು ಕಡಿಮೆ ಮಾಡುತ್ತಿದ್ದವರು ಯಾರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮಾವ. ಮಳೆ ಹಿಡಿದರೆ ಸಾಕು, ಏರು ಹತ್ತುವ ಮೊದಲು ಗೇಟಿನ ಹತ್ತಿರ ಕಾರು ನಿಲ್ಲಿಸಬೇಕು. ಅವರು ಇಳಿದು ಕುಕ್ಕರುಗಾಲಲ್ಲಿ ಕೂತು, ಬೆಂಕಿಕಡ್ಡಿಯಿಂದ ವಾಲ್ವಿನ ಪಿನ್ನು ಒತ್ತಿ, ನಾಲ್ಕೂ ಚಕ್ರದಿಂದ ಪುಸ್ಸೆಂದು ಗಾಳಿ ಬಿಡುತ್ತಿದ್ದರು. ಟೈರು ಹೊಟ್ಟೆ ಬಿಟ್ಟರೆ ನೆಲ ಹಿಡಿಯುತ್ತದೆ ಎನ್ನುವುದು ಈ ಕಡೆಯ ಜೀಪಿನವರ ಪಾಠ. ಪಾಠ ಸುಳ್ಳಲ್ಲ. ಆದರೆ ಆ ಜೀಪುಗಳು ತೋಟ ಬಿಟ್ಟು ಹೊರಗೆ ಹೋಗುತ್ತಿದ್ದುದೇ ಅಪರೂಪ, ಹೋದರೂ ಎತ್ತಿನ ಗಾಡಿಗಿಂತ ಒಂದಿಷ್ಟು ಮುಂದೆ. ನಮ್ಮ ಕಾರು ಆ ಮೆತ್ತನೆಯ ಟೈರಿನಲ್ಲೇ ಸೀದಾ ಹೈವೇಗೆ ಹೋಗುತ್ತಿತ್ತು. ಮತ್ತೆ ಗಾಳಿ ತುಂಬಿಸೋಣವೆಂದರೆ ಬಂಕಿನ ಗಾಳಿ ಮಿಷನ್ನಿಗೆ ಸದಾ ರಜೆ. ಹಿಂದಿನ ಮಳೆಗಾಲದಲ್ಲಿ ಮಾರನಹಳ್ಳಿ ದಾಟಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ತೂಗಿತ್ತು. ಆಗಲೂ ಹಿಂದಿನ ಸೀಟಿನಿಂದ ಮಾವ ಹೇಳಿದ್ದು ನಿಧಾನವಾಗಿ ಓಡಿಸು ಎಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಹಳೆಯ ಟೈರುಗಳನ್ನು ನಾವು ಬಿಸಾಡುವುದಿಲ್ಲ, ಕಣದಲ್ಲಿ ಕಾಫಿಗೆ ಮುಚ್ಚುವ ಟಾರ್ಪಾಲಿನ ಮೇಲೆ ಭಾರಕ್ಕೆ ಇಡುತ್ತೇವೆ. ನಾಲ್ಕನ್ನೂ ಕಾರಿನಲ್ಲಿ ಹೇರಿಕೊಂಡು ಬಂದೆವು. ದಾರಿಯುದ್ದಕ್ಕೂ ನನ್ನ ಗಂಡ, ಅಪ್ಪನ ಮುಂದೆ ಇದನ್ನೆಲ್ಲ ಎತ್ತಬೇಡ, ವಯಸ್ಸಾಗಿದೆ ಎಂದು ಗೋಗರೆದರು. ವಯಸ್ಸು ನನಗೂ ಆಗುತ್ತಿದೆ ಎಂದೆ. ಮೂರು ಟೈರನ್ನು ಕಣಕ್ಕೆ ಕಳಿಸಿ ಒಂದನ್ನು ಅಂಗಳಕ್ಕೆ ಉರುಳಿಸಿ ತಂದು ಮಾವನ ಕುರ್ಚಿಯ ಮುಂದೆ ನಿಲ್ಲಿಸಿದೆ. ಅವರ ಕೈ ಹಿಡಿದು ಅಂಚಿನ ಮೇಲೂ ನಡುವಿನ ಮೇಲೂ ಇಡಿಸಿ, ಗಾಳಿಯ ವಿಷಯ ಹೇಳಿದೆ. ಸೊಸೆ ಮಾವನ ಕೈ ಹಿಡಿದದ್ದು ನೋಡಿ ಅತ್ತೆ ಬಾಗಿಲಿನಿಂದ ಒಳಗೆ ಸರಿದರು.

ಮಾವ ಬಹಳ ಹೊತ್ತು ಸವರಿದರು. ಆಮೇಲೆ ಕೈ ಒರೆಸಿಕೊಂಡು ಹೇಳಿದರು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಮ್ಮಪ್ಪನ ಕಾಲ್ದಿಂದ ಗಾಳಿ ಬುಟ್ಕೊಂಡೇ ಈ ಏರು ಹತ್ತಿರೋದು ಕಣವ್ವ."

ಅಪ್ಪ ನೆಟ್ಟ ಆಲದ ಮರ ಎಂದು ಅದಕ್ಕೇ ನೇಣು ಹಾಕಿಕೊಳ್ಳಬೇಕಾ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿದೆ. ಅವರು ಡ್ರೈವರ್ ವಿಷಯ ಎತ್ತಲಿಲ್ಲ, ಅಂದರೆ ಅದು ಹಾಗೇ ಇದೆ ಎಂದರ್ಥ.

ಆಷಾಢದ ನಡುವೆ ಅವರನ್ನು ಹಾಸನಕ್ಕೆ ಕಣ್ಣು ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಮಳೆ ಹಿಡಿದು ಐದಾರು ದಿನವಾಗಿತ್ತು, ಏರಿನ ಮಣ್ಣು ಕಲಸಿದ ಹಿಟ್ಟಾಗಿತ್ತು. ಗೇಟಿನ ಹತ್ತಿರ ಬಂದಾಗ ಅವರು ಎಂದಿನಂತೆ ನಿಲ್ಲಿಸು ಎಂದರು. ನಿಲ್ಲಿಸಿದೆ. ಕೊಡೆ ಬಿಚ್ಚಿ ಇಳಿದು ಮುಂದಿನ ಚಕ್ರದ ಹತ್ತಿರ ಬಗ್ಗಿದರು. ನಾನೂ ಇಳಿದೆ.

"ಮಾವ, ಗಾಳಿ ಮುಟ್ಬೇಡಿ. ಮುಟ್ಟಿದ್ರೆ ನಾನು ಓಡಿಸಲ್ಲ. ಕೀ ಇಲ್ಲೇ ಇಟ್ಟು ಮನೆಗೆ ನಡ್ಕೊಂಡು ಹೋಗ್ತೀನಿ."

"ಏರ್ನಿಲ್ಲ ಅಂದ್ರೆ?"

"ಏರದಿದ್ರೆ ಚಕ್ರಕ್ಕೆ ಕಲ್ಲು ಕೊಡೋಳೂ ನಾನೇ. ನೀವು ಹತ್ತಿ."

ಮಳೆಯಲ್ಲಿ ಇಬ್ಬರೂ ನಿಂತಿದ್ದೆವು. ನಾನು ಕೀಯನ್ನು ಕೈಯಲ್ಲೇ ಹಿಡಿದಿದ್ದೆ. ಕೊನೆಗೆ ಅವರು ಕೊಡೆ ಮಡಿಸಿ ಒಳಗೆ ಕೂತರು.

ಮೊದಲ ಸಲ ಏರಲಿಲ್ಲ. ಅರ್ಧಕ್ಕೆ ಹೋಗಿ, ಸಿಲ್ವರ್ ಓಕ್ ಮರದ ತಿರುವಿನಲ್ಲಿ ಹಿಂಚಕ್ರ ಸುತ್ತತೊಡಗಿತು. ಮಾವ ಉಸಿರು ಬಿಟ್ಟ ರೀತಿಯಲ್ಲೇ ಎಲ್ಲವೂ ಇತ್ತು. ನನಗೆ ಅಳು ಬರುವಂತಾಯಿತು. ಅತ್ತರೆ ಕೆಟ್ಟೆ. ರಿವರ್ಸ್‌ನಲ್ಲಿ ಗೇಟಿನವರೆಗೂ ಬಂದೆ. ಮೊದಲು ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದಿದ್ದೆ. ಈ ಸಲ ಎರಡನೇ ಗೇರಿಗೆ ಹಾಕಿ, ಕಾಲನ್ನು ಅಲ್ಲಾಡಿಸದೆ, ಹಳೆಯ ಗಾಲಿಜಾಡು ಬಿಟ್ಟು ಹುಲ್ಲಿನ ಅಂಚು ಹಿಡಿದೆ. ತಿರುವಿನಲ್ಲಿ ಕಾರು ಒಮ್ಮೆ ಪಕ್ಕಕ್ಕೆ ಜರುಗಿತು, ಟೈರು ಹಿಡಿಯಿತು, ಮೇಲೆ ಬಂದೆವು. ಡಾಂಬರು ರಸ್ತೆ ಸಿಕ್ಕ ಮೇಲೆ ನಾನು ಗೆದ್ದವಳ ಹಾಗೆ ಅವರ ಕಡೆ ನೋಡಿದೆ. ಅವರು ಹೊರಗೆ ನೋಡುತ್ತಿದ್ದರು.

ಹಾಸನದಲ್ಲಿ ಅವರ ಕಣ್ಣಿಗೆ ಔಷಧಿ ಬಿಟ್ಟು ಪರೀಕ್ಷೆ ಮಾಡಿದರು. ವಾಪಸ್ಸು ಬರುವಾಗ ಬೆಳಕಿಗೆ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ರಸ್ತೆ ಒದ್ದೆಯಿತ್ತು, ಲಾರಿಗಳು ನೀರೆರಚಿಕೊಂಡು ಹೋಗುತ್ತಿದ್ದವು, ಕಾರು ಗಟ್ಟಿಯಾಗಿ ನೆಲ ಹಿಡಿದು ಓಡುತ್ತಿತ್ತು. ಆಲೂರಿನ ಕೈಮರ ದಾಟಿದ ಮೇಲೆ ಮಾವ ಕಣ್ಣು ಬಿಡದೆಯೇ ಮಾತಾಡಿದರು.

"ಆ ಡ್ರೈವರ್‌ಗೆ ಬರ್ಬ್ಯಾಡ ಅಂತ ಹೇಳ್ಬುಡವ್ವ."

ಇದನ್ನು ಕೇಳಲು ನಾನು ಎರಡು ತಿಂಗಳಿಂದ ಕಾದಿದ್ದೆ. ಕೇಳಿದಾಗ ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು. ತೀರ್ಮಾನ ಮಾಡುವಾಗ ನನ್ನನ್ನು ಕೇಳದವರು ರದ್ದು ಮಾಡುವಾಗ ನನ್ನ ಬಾಯಲ್ಲಿ ಹೇಳಿಸುತ್ತಾರಾ?

"ಕರೆದೋರು ನೀವು ಮಾವ. ನೀವೇ ಹೇಳಿ."

ಅವರು ಫೋನ್ ತೆಗೆದರು. ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ನಂಬರ್ ಹುಡುಕಿ ಒತ್ತಿ, ಫೋನನ್ನು ಅವರ ಕೈಗೇ ಕೊಟ್ಟೆ. ಬರುವುದು ಬೇಡ, ನಮ್ಮ ಮನೆಯ ಕಾರನ್ನು ಸೊಸೆಯೇ ಓಡಿಸುತ್ತಾಳೆ ಎಂದರು. ಆ ಕಡೆಯವನು ಹಾಗಾದರೆ ಮೊದಲು ಯಾಕೆ ಕರೆದಿರಿ ಎಂದು ಕೇಳಿರಬೇಕು, ಮಾವ ತಡವರಿಸಿ ನನ್ನ ಕಡೆ ತಿರುಗಿದರು. ಆ ಉತ್ತರವನ್ನೂ ಅವರೇ ಹೇಳಲಿ ಎಂದು ಎರಡೂ ಕೈಯನ್ನು ಸ್ಟೀರಿಂಗ್ ಮೇಲಿಟ್ಟು ಕೂತೆ.

"ನಂದೇ ಒಸಿ ತೆಪ್ಪಾಯ್ತು ಕಣಪ್ಪ," ಎಂದರು.

ಒಸಿ ಅಲ್ಲ, ಜಾಸ್ತಿಯೇ ಆಗಿತ್ತು. ನಾನು ಇಂಡಿಕೇಟರ್ ಹಾಕಿ ಕಾರನ್ನು ರಸ್ತೆಗೆ ತಂದೆ.