ಮಿಲ್ಟ್ರಿ ಸಿದ್ದಪ್ಪನ ಎರಡು ಕೊಡ ಸಿಹಿನೀರು

ಮೊದಲ ನೋಟಕ್ಕೆ ಸಂಪಗಾಂವದ ಅಮೋಘಸಿದ್ದಪ್ಪ ಹೆಚ್ಚು ಬೆಲೆ ಬಾಳುವ ಮಾಲಲ್ಲ. ಎತ್ತರ ಐದಡಿ ಮೂರಂಗುಲ. ತಕ್ಕಡಿಗೆ ಹಾಕಿದರೆ ಅರ್ಧ ಚೀಲ ಜೋಳ, ಮೇಲೊಂದಿಷ್ಟು ಕೊಸರು. ಬಣ್ಣ ಹಳೆಯ ಕಬ್ಬಿಣದ್ದು. ಎಡಗಿವಿ ಮಂದ, ಬಲಗಿವಿ ಅದರ ಪಾಲನ್ನೂ ಸೇರಿಸಿ ಕೇಳುತ್ತದೆ. ಹಲ್ಲು ಮೂವತ್ತೆರಡೂ ಇವೆ, ಆದರೆ ನಕ್ಕು ತೋರಿಸುವ ಅಭ್ಯಾಸ ಇಲ್ಲದ್ದರಿಂದ ಎಣಿಸಿದವರು ಕಡಿಮೆ. ಅಂಗಡಿಯ ಮುಂದೆ ಬಂದು ನಿಂತರೆ, ‘ಏನ ಬೇಕಪಾ’ ಎಂದು ಕೇಳುವ ಮೊದಲು ಇನ್ನಿಬ್ಬರಿಗೆ ಮೊಳೆ ತೂಗಿ ಕಳಿಸಬಹುದು. ಅಂಥ ಗಿರಾಕಿ.

ಇಂಥವನ ಮೇಲೆ ಬೈಲಹೊಂಗಲ ಪೇಟೆಯ ಕಬ್ಬಿಣದ ವ್ಯಾಪಾರಿಯೊಬ್ಬ ಒಂಬತ್ತು ವರ್ಷ ಹೊಟ್ಟೆ ಉರಿದುಕೊಂಡ ಎಂದರೆ ನೀವು ನಗುತ್ತೀರಿ. ನಗಿರಿ. ಆ ವ್ಯಾಪಾರಿ ನಾನೇ.

ನಮ್ಮ ಅಂಗಡಿಯ ಬಾಗಿಲಲ್ಲಿ ನನ್ನ ಅಜ್ಜನ ಕಾಲದಿಂದ ಒಂದು ಪಾತಾಳಗರಡಿ ತೂಗುತ್ತದೆ. ಬಾವಿಗೆ ಬಿದ್ದ ಕೊಡ, ಬಿಂದಿಗೆಗಳನ್ನು ಸಿಕ್ಕಿಸಿ ಎತ್ತುವ ಕೊಕ್ಕೆಗಳ ಗೊಂಚಲು ಅದು. ಅದನ್ನು ಒಯ್ಯುವವರಿಂದ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ರೂಢಿಯಿದೆ: ತಮ್ಮ ಮನೆಯ ಹಿತ್ತಾಳೆ ಪಾತ್ರೆಯೊಂದನ್ನು ನಮ್ಮ ಕಟ್ಟೆಯ ಮೇಲೆ ಒತ್ತೆ ಇಟ್ಟು ಹೋಗಬೇಕು. ಪಾತಾಳಗರಡಿ ಬಂದ ಮೇಲೆ ಪಾತ್ರೆ ವಾಪಸು. ಒಮ್ಮೊಮ್ಮೆ ಕಟ್ಟೆಯ ಮೇಲೆ ನಾಲ್ಕು ಪಾತ್ರೆಗಳು ಸಾಲಾಗಿ ಹೊಳೆಯುತ್ತಿದ್ದವು. ಹಾದಿಯಲ್ಲಿ ಹೋಗುವವರು ನೋಡುತ್ತಿದ್ದರು. ಬೈಲಹೊಂಗಲದಲ್ಲಿ ಏನೇ ಕಳೆದರೂ ಮೊದಲು ನಮ್ಮ ಬಾಗಿಲಿಗೇ ಬರಬೇಕಿತ್ತು. ಈ ದೊಡ್ಡಸ್ತಿಕೆಗೆ ತಕ್ಕಡಿ ಇಲ್ಲ.

ಸಿದ್ದಪ್ಪ ಯುದ್ಧದಲ್ಲಿ ಹೂತಿಟ್ಟ ಬಾಂಬು ಹುಡುಕುವ ದಳದಲ್ಲಿದ್ದವನು. ಎರಡು ವರ್ಷ ಎಲ್ಲಿಯದೋ ಸಮುದ್ರದ ದಂಡೆಯ ಉಸುಕಿನಲ್ಲಿ ಯಂತ್ರ ಹಿಡಿದು ನಡೆದು, ಜೀವ ಉಳಿಸಿಕೊಂಡು ಬಂದ. ಸನ್ ನಲವತ್ತೆಂಟರಲ್ಲಿ ಬೆಳಗಾವಿಯಲ್ಲಿ ಮಿಲ್ಟ್ರಿಯವರು ಬೇಡವೆಂದು ತೆಗೆದ ಡಿಸ್ಪೋಜಲ್ ಮಾಲು ಲಿಲಾವಿಗೆ, ಎಂದರೆ ಹರಾಜಿಗೆ, ಬಂತು. ನಾನು ತಾಡಪತ್ರಿ, ಸಲಿಕೆ, ಬೂಟು ಹಿಡಿದೆ. ಅದೇ ಲಿಲಾವಿನಲ್ಲಿ ಅವನು ಆರಡಿ ಕೋಲೊಂದನ್ನು ಹಿಡಿದ. ಕೋಲಿನ ತುದಿಯಲ್ಲಿ ರೊಟ್ಟಿ ಹಂಚಿನಷ್ಟು ಅಗಲದ ಮರದ ತಟ್ಟೆ, ಬೆನ್ನಿಗೆ ಬ್ಯಾಟರಿಯ ಚೀಲ, ಕಿವಿಗೆ ಎರಡು ಬಟ್ಟಲು. ತಟ್ಟೆಯ ಕೆಳಗೆ ಲೋಹ ಬಂದರೆ ಕಿವಿಯಲ್ಲಿ ಗುಂಯ್ ಎಂದು ಸದ್ದು ಏರುತ್ತದಂತೆ.

‘ಸಿದ್ದಪ್ಪಾ, ಇದರಾಗ ರೊಟ್ಟಿ ಬಡಿಯಾಕೂ ಬರಂಗಿಲ್ಲ, ದನಾ ಹೊಡಿಯಾಕೂ ಬರಂಗಿಲ್ಲ. ಏನ ಮಾಡಾಂವ ಇದನ್ನ?’ ಎಂದು ನಾನು ನಾಲ್ಕು ಜನರ ಮುಂದೆ ಕೇಳಿದೆ.

‘ಕಳದದ್ದ ಹುಡಕಾಂವರಿ, ಸಾವಕಾರ್ರ,’ ಎಂದ. ಅಷ್ಟೇ.

ಎರಡು ವರ್ಷದಲ್ಲಿ ನಮ್ಮ ಕಟ್ಟೆ ಬರಿದಾಯಿತು. ಪಾತಾಳಗರಡಿಗೆ ಸಿಗುವುದು ಕೊಕ್ಕೆಗೆ ಬೀಳುವ ಪಾತ್ರೆ ಮಾತ್ರ. ಹೂಳಿನಲ್ಲಿ ಮುಳುಗಿದ ಬೆಳ್ಳಿ ಬಂಗಾರ ಅದಕ್ಕೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರೆತ್ತಿ ಹೂಳು ತೆಗೆಯುವವರೆಲ್ಲ ಸಂಪಗಾಂವಕ್ಕೆ ಚೀಟಿ ಕಳಿಸತೊಡಗಿದರು. ಸವದತ್ತಿ ಕಡೆಯಿಂದ ಬಂದ ಬಸ್ಸಿನಿಂದ ಅವನು ಇಳಿದರೆ ಕಂಡಕ್ಟರನೇ ಕೋಲನ್ನು ಮೇಲಿನಿಂದ ಇಳಿಸಿ ಕೊಡುತ್ತಿದ್ದ. ನನ್ನ ಮೊಳೆ ಡಬ್ಬಿಗಳನ್ನು ಮಾತ್ರ ಅದೇ ಕಂಡಕ್ಟರ್ ಮೇಲಿನಿಂದ ಒಗೆಯುತ್ತಾನೆ.

ಅದಕ್ಕಿಂತ ಹೆಚ್ಚು ಉರಿಸಿದ್ದು ಅವನ ಒಂದು ಷರತ್ತು. ರಾಮದುರ್ಗದ ಕಡೆ ಎಷ್ಟೋ ಬಾವಿಗಳ ನೀರು ಸವಳು, ಬಾಯಿಗೆ ಹಾಕಿದರೆ ಉಪ್ಪು. ಅಲ್ಲಿ ಕುಡಿಯುವ ನೀರನ್ನು ಹೆಂಗಸರು ಮೈಲಿ ದೂರದಿಂದ ಹೊತ್ತು ತರುತ್ತಾರೆ. ಅಂಥ ಊರಿಗೆ ಹೋಗಿ ಇವನು, ‘ಮೊದಲ ಎರಡ ಕೊಡ ಸಿಹಿನೀರು ತಂದಿಡ್ರಿ, ಆಮ್ಯಾಲೆ ಇಳೀತೇನಿ’ ಎನ್ನುತ್ತಿದ್ದ. ಅದು ಅವನಿಗೆ ಕುಡಿಯಲು ಅಲ್ಲ, ಯಂತ್ರಕ್ಕೆ ಸ್ನಾನ ಮಾಡಿಸಲು! ಮತ್ತು ಹೆಂಗಸರು ತಂದಿಡುತ್ತಿದ್ದರು. ನಾನು ವಸೂಲಿಗೆ ಹೋದರೆ ಅದೇ ಮನೆಗಳಲ್ಲಿ ಅರ್ಧ ತಂಬಿಗೆ ನೀರು ಕೊಟ್ಟು, ‘ಸಾಕಾತೇನ್ರಿ?’ ಎಂದು ಕೇಳುತ್ತಿದ್ದರು.

ತಡೆಯಲಾಗದೆ ಐವತ್ತೊಂದರಲ್ಲಿ ನಾನೂ ಒಂದು ಯಂತ್ರ ಹುಡುಕಿ ತಂದೆ. ಅಂಥದೇ ಕೋಲು, ಅಂಥದೇ ತಟ್ಟೆ. ಸುದ್ದಿ ತಿಳಿದು ಸಿದ್ದಪ್ಪ ತಾನಾಗಿ ಅಂಗಡಿಗೆ ಬಂದ. ಯಂತ್ರವನ್ನು ತಿರುಗಿಸಿ ನೋಡಿದ. ಹೊಟ್ಟೆಕಿಚ್ಚಿನ ಒಂದು ಗೆರೆಯಾದರೂ ಮುಖದಲ್ಲಿ ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕಾಣಲಿಲ್ಲ.

‘ಚಲೋ ಮಾಲ ಐತ್ರಿ,’ ಎಂದ. ‘ಒಂದ ಮಾತು. ಸವಳನೀರಾಗ ಇಳಿಸಿದ ದಿನಾನ, ಉಪ್ಪು ಒಣಗೂದ್ರಾಗ, ಸಿಹಿನೀರ ಹೊಯ್ದು ತೊಳೀರಿ. ತಿಕ್ಕಬ್ಯಾಡ್ರಿ, ಬರೇ ಹೊಯ್ರಿ. ಕೋಲಿನ ಕೀಲು ಬಿಚ್ಚಿ ಒಳಗೂ ಹೊಯ್ರಿ. ಬ್ಯಾಟರಿ ಪೆಟಗಿಗೆ ಮಾತ್ರ ನೀರ ಮುಟ್ಟಿಸಬ್ಯಾಡ್ರಿ, ಹಸಿ ಅರಿವಿಲೆ ಒರಿಸಿ, ಸೆಲ್ ತಗದ ಇಡ್ರಿ. ನೆರಳಾಗ ಪೂರಾ ಒಣಗಿದ ಮ್ಯಾಲೆ ಎಣ್ಣಿ. ಮೊದಲ ಎಣ್ಣಿ ಹಚ್ಚಿದ್ರ ಕೆಟ್ಟಿತ ನೋಡ್ರಿ.’

ನಾನು ತಲೆಯಾಡಿಸಿದೆ. ಅವನು ಹೋದ ಮೇಲೆ ಕುಳಿತು ವಿಚಾರ ಮಾಡಿದೆ. ಮೂವತ್ತು ವರ್ಷ ಕಬ್ಬಿಣ ಮಾರಿದವನು ನಾನು. ಕಬ್ಬಿಣಕ್ಕೆ ನೀರು ವೈರಿ, ಎಣ್ಣೆ ನೆಂಟ. ಮಳೆಗಾಲದಲ್ಲಿ ನಮ್ಮ ಅಂಗಡಿಯ ಕುಡುಗೋಲಿನಿಂದ ಹಿಡಿದು ನೇಗಿಲ ಕುಳದವರೆಗೆ ಎಲ್ಲಕ್ಕೂ ಔಡಲೆಣ್ಣೆ ಹಚ್ಚುತ್ತೇವೆ. ಇವನು ಮೊದಲು ನೀರು ಹೊಯ್ಯಿರಿ, ಎಣ್ಣೆ ಆಮೇಲೆ ಎನ್ನುತ್ತಾನೆ! ಎದುರು ಅಂಗಡಿಯವನಿಗೆ ತನ್ನ ಮಾಲಿನ ಗುಟ್ಟನ್ನು ಖರೇ ಹೇಳುವವನು ಯಾವ ಪೇಟೆಯಲ್ಲಿದ್ದಾನೆ? ನಾನಂತೂ ಹೇಳುವುದಿಲ್ಲ. ಆದ್ದರಿಂದ ಅವನು ಹೇಳಿದ್ದರ ತಿರುಗುಮುರುಗು ಮಾಡಿದರೆ ಯಂತ್ರ ಉಳಿಯುತ್ತದೆ ಎಂದು ತೀರ್ಮಾನಿಸಿದೆ.

ಸವದತ್ತಿ ಹತ್ತಿರದ ಒಂದು ಸವಳು ಬಾವಿಯಲ್ಲಿ ನನ್ನ ಯಂತ್ರ ಒಂದು ಕಬ್ಬಿಣದ ಬಕೆಟ್ಟನ್ನು ಹುಡುಕಿತು. ಆ ಬಕೆಟ್ಟಿನ ಕಥೆಯನ್ನು ಪೇಟೆಯಲ್ಲಿ ಒಂದು ತಿಂಗಳು ಹೇಳಿದೆ. ಯಂತ್ರಕ್ಕೆ ಒಂದು ಹನಿ ನೀರು ತಾಗಿಸಲಿಲ್ಲ. ಒಣಬಟ್ಟೆಯಿಂದ ಒರೆಸಿ, ತಟ್ಟೆಗೆ, ಕೀಲಿಗೆ, ತಂತಿಯ ತುದಿಗಳಿಗೆ ಬೆರಳು ಅದ್ದಿ ಅದ್ದಿ ಔಡಲೆಣ್ಣೆ ಹಚ್ಚಿ, ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ.

ಐವತ್ಮೂರರ ಎಳ್ಳಮಾಸಿಗೆ ನನ್ನ ತಂಗಿ ಕಾಡವ್ವನ ಮನೆಯಲ್ಲಿ ಕೆಟ್ಟ ಘಟನೆ ನಡೆಯಿತು. ಅವಳನ್ನು ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಕೊಟ್ಟಿದ್ದೇವೆ. ಹಬ್ಬಕ್ಕೆಂದು ಅತ್ತೆ ತಾಯವ್ವ ಮನೆತನದ ಬೆಳ್ಳಿಯ ಡಾಬನ್ನು ಸೊಸೆಯ ನಡುವಿಗೆ ಕಟ್ಟಿದ್ದಳು. ದನಗಳಿಗೆ ನೀರು ಸೇದಲು ಹೊಲದ ಸವಳು ಬಾವಿಗೆ ಬಗ್ಗಿದಾಗ ಕೊಂಡಿ ಕಳಚಿ ಡಾಬು ಬಾವಿಗೆ ಬಿತ್ತು. ಪಾತಾಳಗರಡಿ ಇಳಿಸಿ ಜಾಲಾಡಿದರೆ ಸಿಕ್ಕಿದ್ದು ಒಂದು ಹಳೆಯ ತಂಬಿಗೆ.

‘ಡಾಬು ಬಾವ್ಯಾಗ ಬಿದ್ದಿಲ್ಲ, ಬೈಲಹೊಂಗಲಕ್ಕ ಹೋಗೈತಿ,’ ಎಂದಳು ತಾಯವ್ವ. ಎಂದರೆ ನನ್ನ ಅಂಗಡಿಗೆ. ಬೇಸಿಗೆಯಲ್ಲಿ ಬಾವಿ ಬತ್ತಿಸುತ್ತೇವೆ, ಆವತ್ತು ಡಾಬು ಸಿಗದಿದ್ದರೆ ಕಾಡವ್ವ ತವರಿಗೆ ಹೋಗಲಿ, ಮತ್ತೆ ಕರೆಯುವುದಿಲ್ಲ ಎಂದು ಹಿರಿಯರ ಮುಂದೆ ಹೇಳಿಬಿಟ್ಟಳು.

‘ಅಣ್ಣಾ, ಸಂಪಗಾಂವದ ಸಿದ್ದಪ್ಪಗ ಹೇಳಿ ಕಳಸ,’ ಎಂದು ತಂಗಿ ಬರೆಸಿದಳು.

ನನ್ನ ಅಟ್ಟದ ಮೇಲೆ ಯಂತ್ರ ಇರುವಾಗ ಅವನಿಗೆ ಹೇಳಿ ಕಳಿಸಬೇಕೆ? ನಾನೇ ಬರುತ್ತೇನೆ ಎಂದು ಉತ್ತರ ಬರೆದೆ.

ಚೈತ್ರದ ಬಿಸಿಲು. ನಸುಕಿನಿಂದ ಕಪಲಿ ಹೂಡಿ ನೀರು ಎತ್ತುತ್ತಿದ್ದರು, ಎತ್ತುಗಳ ಹಿಂದೆ ತಂಗಿಯ ಗಂಡ. ಮಧ್ಯಾಹ್ನಕ್ಕೆ ಬಾವಿಯ ತಳದ ಕರಿ ಕೆಸರು ಕಂಡಿತು. ಆದರೆ ಸೆಲೆ ಜೋರಿನದು. ಸಂಜೆಯೊಳಗೆ ಮತ್ತೆ ಮೊಣಕಾಲುದ್ದ ನೀರು ನಿಲ್ಲುವುದು ಖಂಡಿತ. ನಾನು ದೋತರ ಎತ್ತಿ ಕಟ್ಟಿ, ಬೆನ್ನಿಗೆ ಪೆಟ್ಟಿಗೆ, ಕಿವಿಗೆ ಬಟ್ಟಲು ಏರಿಸಿ, ಊರ ಜನರೆದುರು ಮೆಟ್ಟಿಲಿಳಿದೆ. ಗುಂಡಿ ತಿರುಗಿಸಿದೆ. ಸದ್ದಿಲ್ಲ. ಹೊಸ ಸೆಲ್ ಹಾಕಿದೆ. ಸದ್ದಿಲ್ಲ. ಕೀಲು ಬಿಚ್ಚಲು ಹೋದರೆ ಬಿಚ್ಚಲಿಲ್ಲ. ತಂತಿಯ ತುದಿಯನ್ನು ಎಳೆದು ನೋಡಿದೆ. ಎಣ್ಣೆಯ ಅಡಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು.

ಮೇಲಿನಿಂದ ತಾಯವ್ವ, ‘ಏನ್ರಿ ಬೀಗರ, ಕಿವ್ಯಾಗ ಏನರ ಕೇಳತೈತೋ, ಬರೇ ನಿಮ್ಮ ಮನಸ್ಸಾಕ್ಷೀನೋ?’ ಎಂದಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕಾಡವ್ವ ನಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನನ್ನತ್ತ ನೋಡಿದಳು. ತವರಿಗೆ ಕಳಿಸಲು ಅವಳ ಬಟ್ಟೆಯ ಗಂಟನ್ನು ಒಳಗೆ ಕಟ್ಟಿಟ್ಟಿದ್ದಾರೆಂದು ಬೆಳಿಗ್ಗೆಯೇ ಹೇಳಿದ್ದಳು.

ಅಷ್ಟರಲ್ಲಿ ಹೊಲದ ಬದುವಿನ ಮೇಲೆ ಆ ಕೋಲು ಕಂಡಿತು. ನನ್ನ ಉತ್ತರ ಸಿಕ್ಕ ದಿನವೇ ತಂಗಿ ಬಸ್ಸಿನವರ ಕೈಲಿ ಸಂಪಗಾಂವಕ್ಕೂ ಹೇಳಿ ಕಳಿಸಿದ್ದಳಂತೆ. ಅಣ್ಣನ ಮೇಲೆ ಆಕೆಗೆ ಇದ್ದ ಭರವಸೆ ಅಷ್ಟು! ಗಾಯದ ಮೇಲೆ ಬರೆ ಎಳೆದಂತಾಯಿತು. ಆದರೂ ಅವನನ್ನು ನೋಡಿ ನನ್ನ ಉಸಿರು ಹಗುರಾಯಿತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಸಿದ್ದಪ್ಪ ಬಾವಿಗೆ ಬಗ್ಗಿ ನೋಡಿದ, ಕೆಸರು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟ, ಉಗುಳಿದ. ‘ಭಾಳ ಸವಳ ಐತಿ. ಎರಡ ಕೊಡ ಸಿಹಿನೀರು ಬೇಕ್ರಿ.’

‘ಡಾಬು ಸಿಗಲಿ ಮೊದಲ. ನಮ್ಮ ಮನ್ಯಾಗ ಕುಡಿಯಾಕ ಸಾಲವಲ್ದು, ನಿನ್ನ ಕೋಲಿಗೆ ಜಳಕಾ ಮಾಡಸ್ಲ್ಯಾ?’ ಎಂದಳು ತಾಯವ್ವ.

‘ನೀರಿಲ್ಲಂದ್ರ ಇಳಿಯಾಂಗಿಲ್ಲರಿ, ಯವ್ವಾ. ಇವತ್ತ ನಿಮ್ಮ ಡಾಬು ಸಿಗತೈತಿ, ನಾಳೆ ಇನ್ನೊಬ್ಬರದು ಸಿಗೂದಿಲ್ಲ.’

‘ಹಂಗಾರ ತಂಗಿ ಸಲುವಾಗಿ ಬಂದಾರಲ್ಲ, ಬೀಗರು, ಅವರ ತರಲಿ!’

ಗಂಡಸರೆಲ್ಲ ಕಪಲಿಯ ಹತ್ತಿರ, ಹೆಂಗಸರೆಲ್ಲ ತಾಯವ್ವನ ಮುಖ ನೋಡುತ್ತ. ಸೆಲೆ ತಳದಲ್ಲಿ ಬುಳುಬುಳು ಎನ್ನುತ್ತಿತ್ತು. ನಾನು ಒಂದು ಕೋಲಿನ ಎರಡು ತುದಿಗೆ ಎರಡು ಕೊಡ ಕಟ್ಟಿ ಹೆಗಲಿಗೆ ಹಾಕಿಕೊಂಡೆ. ಬೈಲಹೊಂಗಲದ ಸಾವಕಾರ, ತಲೆಗೆ ರುಮಾಲು, ಕಾಲಿಗೆ ಕೆಸರು, ಹೆಗಲ ಮೇಲೆ ವೈರಿಯ ಯಂತ್ರದ ಸ್ನಾನದ ನೀರು. ಹಾದಿಯಲ್ಲಿ ಎದುರಾದ ಮುದುಕನೊಬ್ಬ, ‘ಯಾರ ಮನಿ ಆಳಪಾ ನೀ?’ ಎಂದ. ಹೇಳಿದ್ದರೂ ಅವನು ನಂಬುತ್ತಿರಲಿಲ್ಲ, ಹೆಗಲು ಬದಲಿಸಿ ನಡೆದೆ.

ಒಂದು ಮೈಲಿ ಹೋಗಿ, ಒಂದು ಮೈಲಿ ತುಳುಕಿಸಿಕೊಂಡು ಬಂದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಕೊಡ ಎತ್ತಿಕೊಂಡು ಬದು ದಾಟಿದ್ದನ್ನು ನೋಡಿದ್ದೇ ಸಿದ್ದಪ್ಪ, ‘ಸಾವಕಾರ್ರು ಹೊಂಟ್ರಂದ್ರ ನೀರು ಬಂತು ಅಂತಾನ ತಿಳೀರಿ’ ಎಂದು ಇಳಿದುಬಿಟ್ಟನಂತೆ. ಸವಳು ಕೆಸರಿನಲ್ಲಿ ಯಂತ್ರ ಸುಳ್ಳು ಸದ್ದು ಬಹಳ ಮಾಡುತ್ತದೆ. ಅವನು ಬಲಗಿವಿಗೊಂದೇ ಬಟ್ಟಲು ಒತ್ತಿಕೊಂಡು, ಗೇಣು ಗೇಣು ಸರಿದು, ಮೂಲೆಯ ಕಲ್ಲಿನ ಬುಡದಲ್ಲಿ ಮೊಳಕೈ ಆಳಕ್ಕೆ ಕೈ ಹಾಕಿ ಎಳೆದನಂತೆ. ಕಾಡವ್ವ ಮೆಟ್ಟಿಲ ಮೇಲೆ ಕುಳಿತಿದ್ದಳು, ತೊಡೆಯ ಮೇಲೆ ಕೆಸರು ಮೆತ್ತಿದ ಡಾಬು. ತಾಯವ್ವ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಕಡೆಗೆ, ‘ಏಳವಾ, ಒಳಗ ನಡಿ, ಹೊತ್ತಾತು, ರೊಟ್ಟಿ ಆಗಬೇಕು,’ ಎಂದಳು. ಅದೇ ಅವಳ ಕ್ಷಮಾಪಣೆ. ಕಾಡವ್ವನಿಗೆ ಅಷ್ಟು ಸಾಕಾಯಿತು, ಎದ್ದು ಹೋದಳು.

ಸಿದ್ದಪ್ಪ ಯಂತ್ರದ ತಟ್ಟೆಯನ್ನು ಓರೆಯಾಗಿ ಹಿಡಿದು ನಾನು ತಂದ ನೀರನ್ನು ತಂಬಿಗೆಯಿಂದ ಹೊಯ್ದ. ಕೀಲು ಬಿಚ್ಚಿ, ಬೇವಿನ ಕಡ್ಡಿಯಿಂದ ಒಳಗಿನ ಕೆಸರು ತೆಗೆದು ಮತ್ತೆ ಹೊಯ್ದ. ಅಂಚಿನಿಂದ ತೊಟ್ಟಿಕ್ಕುವ ನೀರನ್ನು ಅಂಗೈಗೆ ಹಿಡಿದು ನೆಕ್ಕಿದ. ‘ಇನ್ನೂ ಉಪ್ಪೈತಿ.’ ಮತ್ತೊಂದು ತಂಬಿಗೆ. ಮತ್ತೆ ನೆಕ್ಕಿದ. ಮೂರನೆಯ ಸಲ ತಲೆಯಾಡಿಸಿ, ಬೇವಿನ ನೆರಳಿಗೆ ಒರಗಿಸಿದ. ಒಂದು ಕೊಡ ಮುಗಿದಿತ್ತು. ಆಮೇಲೆ ಕೇಳದೆಯೇ ನನ್ನ ಯಂತ್ರವನ್ನು ಎಳೆದುಕೊಂಡ.

‘ಇದಕ್ಕ ಎಣ್ಣಿ ಯಾರ ಹಚ್ಚಿದ್ರಿ?’

‘ನಮ್ಮ ಅಂಗಡಿ ಆಳು,’ ಎಂದೆ.

ನನ್ನ ಬೆರಳುಗಳನ್ನು ನೋಡಿದ. ‘ಉಪ್ಪಿನ ಮ್ಯಾಲೆ ಎಣ್ಣಿ ಹಚ್ಚಿದ್ರ ಉಪ್ಪು ಹೊರಗ ಬರೂದಿಲ್ಲ, ಒಳಗ ಕುಂತ ತಿಂತೈತಿ. ನಿಮ್ಮ ಆಳಿಗೆ ಹೇಳ್ರಿ, ಆವತ್ತ ನಾ ಖರೇನ ಹೇಳಿದ್ದೆ ಅಂತ.’

‘ಹೇಳತೇನಿ,’ ಎಂದೆ. ಅವನ ಹಲ್ಲು ಮೊದಲ ಸಲ ಕಂಡವು.

ಎರಡನೆಯ ಕೊಡ ನನ್ನ ಯಂತ್ರಕ್ಕೆ ಹೋಯಿತು. ಕಿಲುಬನ್ನು ಹುಣಸೆಹಣ್ಣಿನಿಂದ ಕಳೆದು, ತೊಳೆದು, ಎರಡು ದಿನ ಒಣಗಿಸಿಡಿರಿ ಎಂದ. ಅದು ಮತ್ತೆ ಗುಂಯ್ ಎಂದಿತು, ಆದರೆ ಅವನದರಷ್ಟು ಸ್ಪಷ್ಟವಾಗಿ ಅಲ್ಲ. ಚೀಟಿಗಳು ಇಂದಿಗೂ ಸಂಪಗಾಂವಕ್ಕೇ ಹೋಗುತ್ತವೆ, ಮತ್ತು ಬಸ್ಸಿನಿಂದ ಆ ಕೋಲು ಇಳಿಯುವುದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಇಂದಿಗೂ ಚುರುಕ್ ಎನ್ನುತ್ತದೆ. ಐದು ವರ್ಷವಾಯಿತು, ಒಂದು ಒಳ್ಳೆಯ ಮಾತನ್ನು ನಾನು ಅವನ ಎದುರು ಆಡಿಲ್ಲ.

ನನ್ನ ತಂಗಿ ಇಂದು ಕಳ್ಳಿ ಎನ್ನಿಸಿಕೊಳ್ಳದೆ ಗಂಡನ ಮನೆಯಲ್ಲಿ ಬಾಳುತ್ತಿದ್ದಾಳೆ. ಅದು ಅಮೋಘಸಿದ್ದಪ್ಪನಿಂದ.