ಮೈಕಣ್ಣನ ತಂಡ ಯಾವುದು?

ಮೈಕಣ್ಣ ಯಾವ ತಂಡದ ಕಡೆಯವನು ಎಂಬ ಪ್ರಶ್ನೆಗೆ ಆ ಊರಿನಲ್ಲಿ ಮೂವತ್ತನಾಲ್ಕು ವರ್ಷ ಉತ್ತರ ಸಿಕ್ಕಿರಲಿಲ್ಲ. ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳುವವನು ಅವನು. ಹೆತ್ತವರು ಇಟ್ಟ ಹೆಸರು ನೌಕರಿಯ ಕಡತದಲ್ಲಷ್ಟೇ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಮೈಕಣ್ಣ. ಬಂದರು ತಂಡದ ಹೆಸರೆತ್ತಿದರೆ ಅವನ ದನಿಯಲ್ಲಿ ಜೇನು ಸುರಿಯುತ್ತದೆ, ಅವನು ಬಂದರಿನವನೇ ಸೈ ಎಂದು ಕ್ಷೌರಿಕ ಗಿರಾಕಿಯ ಕಿವಿ ಹಿಡಿದುಕೊಂಡೇ ಆಣೆ ಹಾಕುತ್ತಿದ್ದ. ಎದುರಂಗಡಿಯ ದರ್ಜಿಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿ.

"ರೈಲ್ವೆಯವರು ಗೋಲು ಹೊಡೆದಾಗ ಕೇಳಿದ್ದೀಯಾ? ಮನುಷ್ಯ ಕುರ್ಚಿ ಬಿಟ್ಟು ಎದ್ದೇಬಿಡ್ತಾನೆ!"

ಇಬ್ಬರೂ ಸೇರಿ ಅವನನ್ನೇ ಹಿಡಿದು ಕೇಳಿದರೆ, "ಇಬ್ಬರ ಕಿವೀನೂ ಚೆನ್ನಾಗಿದೆ ಬಿಡ್ರಪ್ಪಾ," ಎಂದು ನಕ್ಕು ಜಾರಿಕೊಳ್ಳುತ್ತಿದ್ದ.

ನಿಜ ಹೇಳಬೇಕೆಂದರೆ ಅವನು ಗಿರಣಿ ತಂಡದವನು. ಹುಟ್ಟಿ ಬೆಳೆದದ್ದೇ ಬಟ್ಟೆ ಗಿರಣಿಯ ಸಾಲುಮನೆಗಳಲ್ಲಿ. ಅವನ ಅಪ್ಪ ಹಗಲೆಲ್ಲ ಮಗ್ಗದ ಮುಂದೆ ನಿಂತು, ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು ಗಿರಣಿ ಮೈದಾನದ ಗೋಲುಕಂಬಗಳಿಗೆ ಬಲೆ ಹೆಣೆಯುತ್ತಿದ್ದ. ಬಲೆ ಭಾರಿ ಗಟ್ಟಿ ಎಂದು ಎಲ್ಲರೂ ಹೊಗಳುತ್ತಿದ್ದರು. ಗಟ್ಟಿ ಇರಲೇಬೇಕಿತ್ತು. ಗಿರಣಿಯವರು ಗೋಲು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದರಲ್ಲೇ ಹೆಸರು ಮಾಡಿದವರು. ಆದರೂ ಮೈಕಣ್ಣನ ಜೀವ ಆ ಮಾಸಿದ ಹಸಿರು ಅಂಗಿಗಳ ಮೇಲೆಯೇ. ಮೈಕಿನ ಮುಂದೆ ಕೂತವನಿಗೆ ತಂಡ ಇರಕೂಡದು ಎಂದು ತಾನೇ ಹಾಕಿಕೊಂಡ ನಿಯಮಕ್ಕಾಗಿ ಆ ಗುಟ್ಟನ್ನು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ.

ಮೈದಾನದ ತಗಡಿನ ಮಾಡಿನ ಕೆಳಗೆ, ಇಪ್ಪತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿದರೆ ಅವನ ಕೋಣೆ. ಮುಚ್ಚಲಾಗದ ಒಂದು ಕಿಟಕಿ, ಎರಡು ಕುರ್ಚಿ. ಎರಡನೇ ಕುರ್ಚಿಗೆ ಎರಡು ವರ್ಷದ ಹಿಂದೆ ಒಬ್ಬಳು ಬಂದಿದ್ದಳು. ಬಂದರಿನ ಹೆಂಗಸರ ತಂಡದಲ್ಲಿ ಹನ್ನೆರಡು ವರ್ಷ ಗೋಲು ಕಾದು, ಮೊಣಕಾಲು ಕೈಕೊಟ್ಟ ಮೇಲೆ ಕಾಮೆಂಟರಿಗೆ ಬಂದವಳು. ಎಲ್ಲರೂ ಅವಳನ್ನು ಗೋಲಿ ಎನ್ನುತ್ತಿದ್ದರು. ಮೊದಲ ದಿನವೇ ಅವಳು "ಅದ್ಭುತವಾದ ಹೊಡೆತ!" ಎಂದು ಕಿರುಚಿದ್ದಳು. ಮೈಕಣ್ಣ ಮೈಕಿನ ಗುಂಡಿ ಆರಿಸಿ ಕೇಳಿದ್ದ:

"ಯಾವ ಕಾಲಲ್ಲಿ ಹೊಡೆದ?"

"ಎಡಗಾಲಲ್ಲಿ, ಸರ್."

"ಹಾಗಾದ್ರೆ ಎಡಗಾಲು ಅನ್ನಮ್ಮ. ಅದ್ಭುತ ಹೌದೋ ಅಲ್ವೋ, ಕೇಳೋರು ತೀರ್ಮಾನ ಮಾಡ್ಕೋತಾರೆ."

ಹೀಗೆ ಪಳಗಿದವಳ ಕೈಗೆ ಮೈಕು ಒಪ್ಪಿಸಿ ಅವನು ನಿವೃತ್ತನಾದ. ಕೊನೆಯ ಪಂದ್ಯ ಬಂದರಿಗೂ ರೈಲ್ವೆಗೂ. ಸೀಟಿ ಊದಿದ ಮೇಲೆ ಎರಡೂ ತಂಡದವರು ಕೋಣೆಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಜನ ಎದ್ದು ನಿಂತು, "ಈಗಾದ್ರೂ ಹೇಳಣ್ಣಾ, ಯಾವ ತಂಡ?" ಎಂದು ಕೂಗಿದರು. ಮೈಕಣ್ಣ ಗಂಟಲು ಸರಿಮಾಡಿಕೊಂಡು, "ಬಂದರು ಎರಡು, ರೈಲ್ವೆ ಎರಡು. ಕೇಳಿದವರಿಗೆಲ್ಲ ನಮಸ್ಕಾರ," ಎಂದ. ಅಷ್ಟೇ. ಏಣಿ ಇಳಿಯುವಾಗ ಮಾತ್ರ ಮೆಟ್ಟಿಲು ಮಸುಕಾಗಿ ಕಂಡವು.

ಮುಂದಿನ ಭಾನುವಾರ ಗಿರಣಿಗೂ ಬಂದರಿಗೂ ಪಂದ್ಯ. ಬೆಳಗಿನಿಂದ ಮನೆಯೊಳಗೆ ಶತಪಥ ತುಳಿಯುತ್ತಿದ್ದವನನ್ನು ನೋಡಿ ಹೆಂಡತಿ, "ಏಳ್ರೀ, ಮ್ಯಾಚಿಗೆ ಹೋಗೋಣ. ನೀವು ಹೇಳಿದ್ದನ್ನ ಇಷ್ಟು ವರ್ಷ ಕೇಳಿದ್ದಾಯ್ತು, ಒಂದ್ಸಲ ಕಣ್ಣಾರೆ ನೋಡ್ಬೇಕು," ಎಂದಳು. ಮೈದಾನ ಹೊಕ್ಕವಳೇ ನೇರವಾಗಿ ಗಿರಣಿಯವರು ಕೂರುವ ಕಡೆಗೆ ನಡೆದಳು. ಅಲ್ಲಿ ನೆರಳಿದೆ ಎಂದಳು.

ಕೆಳಗಿನಿಂದ ಆಟ ಬೇರೆಯೇ ಕಂಡಿತು. ಚೆಂಡಿಗೆ ಬಿದ್ದ ಒದೆಯ ಸದ್ದು ಎದೆಗೇ ತಾಗುತ್ತಿತ್ತು. ಅಭ್ಯಾಸಬಲ ನೋಡಿ, ಮೈಕಣ್ಣನ ಬಾಯಿ ತನ್ನಷ್ಟಕ್ಕೆ ತಾನೇ ಪಿಸುಗುಡತೊಡಗಿತು: "ಬಲಗಡೆಯಿಂದ ಗಿರಣಿಯ ಏಳನೇ ನಂಬರು, ಇಬ್ಬರನ್ನು ದಾಟಿದ..." ಮುಂದೆ ಕೂತ ಮನುಷ್ಯ ತಿರುಗದೆಯೇ ಹೇಳಿದ, "ಯಜಮಾನ್ರೇ, ಆ ರೇಡಿಯೋ ಸ್ವಲ್ಪ ಸಣ್ಣ ಮಾಡ್ರೀ." ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ವಿರಾಮದ ಹೊತ್ತಿಗೆ ಬಂದರು ಮೂರು, ಗಿರಣಿ ಸೊನ್ನೆ. ಆಮೇಲೆ ಪೆನಾಲ್ಟಿ ಪೆಟ್ಟಿಗೆಯೊಳಗೇ ಏಳನೇ ನಂಬರನ್ನು ಕಾಲು ಕೊಟ್ಟು ಕೆಡವಿದರು. ರೆಫರಿ ಕೈಬೀಸಿ ಆಟ ಮುಂದುವರಿಸಿದ. ಮೈಕಣ್ಣನ ಒಳಗೆ ಏನೋ ಕಿತ್ತುಕೊಂಡು ಹೊರಬಂತು. ಬೆಂಚಿನ ಮೇಲೆ ಹತ್ತಿ ನಿಂತು, "ಕಣ್ಣು ತೆಗೆದು ಜೇಬಲ್ಲಿಟ್ಕೊಂಡಿದ್ಯೇನಯ್ಯಾ!" ಎಂದು ಅರಚಿದ. ಯಾರನ್ನೂ ಒಂದು ಮಾತು ಅನ್ನದ ಬಾಯಿ ಅದು! ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಕೊನೆಯ ನಿಮಿಷದಲ್ಲಿ ಗಿರಣಿಯವರ ಒಂದು ಚೆಂಡು ಎದುರಾಳಿಯ ಬೆನ್ನಿಗೆ ಬಡಿದು, ಕಂಬಕ್ಕೆ ತಾಗಿ, ತೆವಳಿಕೊಂಡು ಒಳಗೆ ಹೋಯಿತು. ಗೆಲುವಿಗೂ ಸೋಲಿಗೂ ಸಂಬಂಧವೇ ಇಲ್ಲದ ಗೋಲು. ಮೈಕಣ್ಣ ಮುಂದಿನ ಮನುಷ್ಯನನ್ನು ತಬ್ಬಿಕೊಂಡು ಕುಣಿದ, ಆತನೂ ಕುಣಿದ. ಮೂರು-ಒಂದರಲ್ಲಿ ಸೋತು ಮನೆಗೆ ಬಂದಾಗ ಅವನ ಮುಖ ಗೆದ್ದವರ ಮುಖದಂತಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ರೇಡಿಯೋದಲ್ಲಿ ಅವನ ನೇರ ಸಂದರ್ಶನ. ಕೇಳುವವಳು ಗೋಲಿ. ಸ್ಟುಡಿಯೋ ನೋಡುವ ಆಸೆಯಿಂದ ಹೆಂಡತಿಯೂ ಬಂದು ಮೂಲೆಯಲ್ಲಿ ಕೂತಿದ್ದಳು. ಬೆಳಗಿನಿಂದ ಅವನು ಗಂಟಲು ಕಾಪಾಡಿಕೊಳ್ಳಲು ಮಾತೇ ಆಡಿರಲಿಲ್ಲ. ಕೆಂಪು ದೀಪ ಹೊತ್ತಿತು. ಗೋಲಿ ಸ್ವಾಗತ ಹೇಳಿದಳು. ಮೈಕಣ್ಣ ಬಾಯಿ ತೆರೆದ. ತುಕ್ಕು ಹಿಡಿದ ಗೇಟು ತೆರೆದಂಥ ಒಂದು ಸದ್ದು ಬಂತು, ಮುಂದೆ ಅದೂ ಇಲ್ಲ. ಮೂವತ್ತನಾಲ್ಕು ವರ್ಷ ಒಂದು ದಿನವೂ ಕೆಡದ ಗಂಟಲು!

ಗೋಲಿಯ ಮುಖ ಬಿಳಿಚಿತು. ಅಷ್ಟರಲ್ಲಿ ಹೆಂಡತಿ ಕುರ್ಚಿ ಎಳೆದುಕೊಂಡು ಮುಂದೆ ಬಂದಳು. "ನೀವು ಬರೀರಿ, ನಾನು ಓದ್ತೀನಿ. ಕೇಳಮ್ಮ ನೀನು."

"ಒಳ್ಳೇ ಕಾಮೆಂಟರಿ ಅಂದ್ರೆ ಏನು, ಸರ್?"

ಅವನು ಗೀಚಿದ. ಅವಳು ಓದಿದಳು: "'ನೋಡಿದ್ದನ್ನು ಹೇಳು. ನೋಡಿದ ಕೂಡಲೇ ಹೇಳು. ಹೇಳಿ ಆದ ಮೇಲೆ ಸುಮ್ಮನಿರು.' ಮೂರನೇದನ್ನ ಮನೇಲಿ ಯಾವತ್ತೂ ಪಾಲಿಸಿಲ್ಲ, ಅದು ಬೇರೆ ವಿಷಯ."

ಗಾಜಿನಾಚೆ ಕೂತಿದ್ದ ಎಂಜಿನಿಯರ್ ಮೇಜು ಬಡಿದು ನಕ್ಕ.

"ಈಗಿನವರು ಗೋಲು ಬಿದ್ರೆ ತುಂಬಾ ಕೂಗ್ತಾರೆ ಅಂತ ಒಂದು ದೂರು ಇದೆಯಲ್ಲ, ಸರ್?"

"ತಡೀಮ್ಮ, ಅಕ್ಷರ ಕೋಳಿ ಕೆದಕಿದ ಹಾಗಿದೆ. 'ಜನ ಹೇಗೂ ಕೂಗ್ತಾರೆ, ಅವರ ಮೇಲೆ ನಾವ್ಯಾಕೆ ಕೂಗಬೇಕು? ನಾವು ಸುಮ್ಮನಿದ್ರೆ ಇಡೀ ಮೈದಾನವೇ ಮನೆಗೆ ಬರುತ್ತೆ.' ಇದು ಸರಿ. ನಾನು ಒಪ್ಪದೇ ಇರೋದೂ ಒಂದಿದೆ. ಆಟಗಾರನ್ನ ಬೈಬಾರ್ದು, ಅವನ ತಾಯಿ ಕೇಳ್ತಿರ್ತಾಳೆ ಅಂತಾರೆ ಇವರು. ನಾನೂ ತಾಯಿನೇ. ನನ್ನ ಮಗ ಖಾಲಿ ಗೋಲು ಮುಂದಿಟ್ಕೊಂಡು ಆಕಾಶಕ್ಕೆ ಹೊಡೆದ್ರೆ, ಬೈರಿ, ಚೆನ್ನಾಗಿ ಬೈರಿ ಅಂತೀನಿ!"

ಮೈಕಣ್ಣ ಜೋರಾಗಿ ತಲೆಯಾಡಿಸಿ 'ಇಲ್ಲ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. "ಇಲ್ಲ ಅಂತೆ. ನಿನ್ನೆ ರೆಫರಿ ತಾಯಿ ನೆನಪಾಗ್ಲಿಲ್ವೇನೋ," ಎಂದಳು ಹೆಂಡತಿ.

ಗೋಲಿ ನಗು ತಡೆದುಕೊಂಡು, ಊರೇ ಕಾದಿದ್ದ ಪ್ರಶ್ನೆ ಕೇಳಿದಳು. ಮೈಕಣ್ಣ ಪೆನ್ಸಿಲ್ ಎತ್ತುವ ಮೊದಲೇ ಹೆಂಡತಿ ಹೇಳಿಬಿಟ್ಟಳು:

"ಗಿರಣಿ. ಮದುವೆಯಾದ ವರ್ಷವೇ ಗೊತ್ತಾಗಿತ್ತು ನಂಗೆ."

ಅವನು ಬೆಪ್ಪಾಗಿ ಅವಳ ಕಡೆ ನೋಡಿದ. ಅವಳು ಅವನಿಗೇ ಹೇಳುವಂತೆ ಹೇಳಿದಳು: "ಬೇರೆಯವರಿಗೆ ಗೋಲು ಬಿದ್ರೆ ತಕ್ಷಣ ಹೇಳ್ತಿದ್ರಿ. ಗಿರಣಿಗೆ ಬಿದ್ರೆ ಒಂದು ಉಸಿರು ತಡ. ಆ ಉಸಿರು ನಂಗೆ ಕೇಳಿಸ್ತಿತ್ತು. ಅವತ್ತು ಮನೆಗೆ ಬಂದ್ರೆ ಮ್ಯಾಚಿನ ಸುದ್ದೀನೇ ಎತ್ತುತ್ತಿರ್ಲಿಲ್ಲ ನಾನು."

ಗೋಲಿಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಮೈಕಣ್ಣನ ಕಣ್ಣು ತುಂಬಿತ್ತು, ಹೆಗಲು ನಗುವಿಗೆ ಕುಲುಕುತ್ತಿತ್ತು; ಮಾತು ಹೊರಡದ ಗಂಟಲಿನಿಂದ ಗೊರಗೊರ ಸದ್ದು ಮಾಡುತ್ತ ಹೆಂಡತಿಯ ಕೈ ಹಿಡಿದುಕೊಂಡ.

ಮಧ್ಯಾಹ್ನದೊಳಗೆ ಕ್ಷೌರಿಕನೂ ದರ್ಜಿಯೂ ಒಟ್ಟಿಗೇ ಮನೆಗೆ ಬಂದು, ಇಷ್ಟು ವರ್ಷ ತಮ್ಮಿಬ್ಬರನ್ನು ಸುಮ್ಮನೆ ಜಗಳಕ್ಕೆ ಹಚ್ಚಿದ್ದಕ್ಕೆ ದಬಾಯಿಸಿ, ಕಾಫಿ ಕುಡಿದು ಹೋದರು. ಸಂಜೆ ನಿಲಯದ ಮುಖ್ಯಸ್ಥರ ಫೋನು: ಬಂದ ಕರೆಗಳಿಗೆ ಲೆಕ್ಕವಿಲ್ಲ, ಪ್ರತಿ ಸೋಮವಾರ ಗಂಡ ಹೆಂಡತಿ ಇಬ್ಬರೂ ಬಂದು ಹಿಂದಿನ ದಿನದ ಆಟದ ಬಗ್ಗೆ ಮಾತಾಡಬೇಕು.

"ಬರ್ತೀವಿ ಸಾರ್," ಎಂದಳು ಹೆಂಡತಿ. "ಆದ್ರೆ ಗಿರಣಿಯವರು ಗೆದ್ದ ವಾರ ಇವರ ಗಂಟಲಿಗೆ ಗ್ಯಾರಂಟಿ ಇಲ್ಲ."

"ಹಾಗಾದ್ರೆ ಚಿಂತೆಯಿಲ್ಲ ಬಿಡಿಮ್ಮ," ಎಂದರು ಮುಖ್ಯಸ್ಥರು.

ದನಿ ಮರಳಿದ್ದು ಶುಕ್ರವಾರ. ಎದ್ದವನೇ ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ನಾಲ್ಕು ದಿನದ ಮಾತನ್ನೆಲ್ಲ ಸುರಿದ. "ಇನ್ನೆರಡು ದಿನ ಹಾಗೇ ಇದ್ದಿದ್ರೆ ಏನಾಗ್ತಿತ್ತು!" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಮೈಕಣ್ಣ ಸೀಟಿ ಹಾಕುತ್ತ ಚಪ್ಪಲಿ ಮೆಟ್ಟಿ, ಭಾನುವಾರಕ್ಕೆ ಎರಡು ಟಿಕೆಟ್ ತರಲು ಹೊರಟ.